ದುಫಿಯೆ ಮಾತು ಬಿಟ್ಟ ದಿನ

ನಕ್ಕವರು ಯಾರು ಎಂಬುದು ದುಫಿಯೆಗೆ ಇನ್ನೂ ಗೊತ್ತಾಗಿರಲಿಲ್ಲ. ಡಾಕ್ಟರ್ ಅಡೊಮಾಕೊ ಆಡಿದ ಮಾತು ಹಾಗಿರಲಿ, ಅದು ನೇರವಾಗಿ ಮುಖಕ್ಕೆ ಬಂದದ್ದು. ಅಂಥ ಮಾತನ್ನು ಹೇಗೆ ನುಂಗಬೇಕು ಎಂದು ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಮಾತಿನ ಬೆನ್ನಿಗೇ ಕೋಣೆಯ ಎಲ್ಲಿಂದಲೋ ಒಂದು ನಗು ಬಂದಿತ್ತು. ಕಿಸಕ್ಕೆಂದು ಹೊರಟು ಅರ್ಧಕ್ಕೇ ನಿಂತುಹೋದ ಸಣ್ಣ ನಗು. ಬಟ್ಟೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಒಗೆದು ಬಂದ ಹಸಿರು ಬಟ್ಟೆಗಳನ್ನು ಮಡಚುತ್ತ, ಅವಳು ಬೆಳಗಿನ ವರದಿ ಸಭೆಯಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಎದುರಿಗೆ ನಿಲ್ಲಿಸಿಕೊಂಡಳು. ಔಷಧಿ ಕೋಣೆಯ ಒಪೊಂಗ್? ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಮಕ್ಕಳ ವಾರ್ಡಿನ ಇಬ್ಬರು ಹುಡುಗಿಯರು? ಅವರು ತಲೆ ತಗ್ಗಿಸಿ ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು. ಮೇಟ್ರನ್ ಅಂತೂ ನಗುವ ಪೈಕಿಯೇ ಅಲ್ಲ. ಬಟ್ಟೆ ಮಡಚುವುದು ದುಫಿಯೆಯ ಕೆಲಸವೂ ಅಲ್ಲ, ವಾರ್ಡಿನ ಹಿರಿಯ ಸೂಲಗಿತ್ತಿ ಬೆಳಗಿನ ಒಂಬತ್ತರ ಹೊತ್ತಿಗೆ ಇಲ್ಲಿ ನಿಂತಿರಲೂಬಾರದು. ಅದು ಅವಳಿಗೂ ಗೊತ್ತಿತ್ತು. ಆದರೂ ಇನ್ನೊಂದು ಬಟ್ಟೆ ಎತ್ತಿಕೊಂಡಳು.

ರಾತ್ರಿ ಪಾಳಿಯವರು ಯಾವಳೋ ಒಬ್ಬಳ ರಕ್ತದೊತ್ತಡದ ಹಾಳೆಯನ್ನು ಖಾಲಿ ಬಿಟ್ಟಿದ್ದರು. ದುಫಿಯೆಯ ಪಾಳಿಯಲ್ಲ, ಅವಳ ರೋಗಿಯೂ ಅಲ್ಲ. ಅಡೊಮಾಕೊ ಆ ಹಾಳೆಯನ್ನು ಎಲ್ಲರೆದುರು ಎತ್ತಿ ಹಿಡಿದು, "ಮೂವತ್ತು ವರ್ಷ ಆಯ್ತಂತಲ್ಲ ಸಿಸ್ಟರ್ ನಿಮಗೆ? ಮೂವತ್ತು ವರ್ಷವೂ ಹಳ್ಳಿ ಅಜ್ಜಿಯರ ಬಾಣಂತನಾನೇ ಮಾಡಿದ್ದು ಅಂತ ಕಾಣುತ್ತೆ. ಹೊಕ್ಕಳಬಳ್ಳಿ ಕೊಯ್ಯೋಕೆ ಕುಡುಗೋಲು ತಂದಿದ್ದೀರೋ, ಇಲ್ಲಿಂದ ಕೊಡಿಸಲೋ?" ಎಂದಿದ್ದ. ಮೂವತ್ತೊಂದರ ಹುಡುಗ. ಇವಳ ದೊಡ್ಡ ಮಗನಿಗಿಂತ ಎರಡು ವರ್ಷಕ್ಕೆ ಚಿಕ್ಕವನು. ಇನ್ನೊಬ್ಬ ಡಾಕ್ಟರ್ ತರಬೇತಿಗೆಂದು ಕುಮಾಸಿ ನಗರಕ್ಕೆ ಹೋಗಿ ಹತ್ತು ದಿನವಾಗಿತ್ತು, ಇಡೀ ಆಸ್ಪತ್ರೆ ಇವನೊಬ್ಬನ ತಲೆ ಮೇಲೆ ಇತ್ತು, ಸಭೆಗೆ ಮುಂಚೆ ಪ್ರಾಂತ್ಯದ ನಿರ್ದೇಶಕರು ಫೋನಿನಲ್ಲಿ ಇವನನ್ನು ಬೈದದ್ದು ಗೋಡೆಯಾಚೆಗೂ ಕೇಳಿಸಿತ್ತು. ಎಲ್ಲ ಸರಿ. ಅವನಿಗೆ ಬೈದವರ ಮೇಲೆ ಅವನು ಕೂಗಲಿ, ನಾನೇನು ಅವನ ಮನೆಯ ಹೊಸ್ತಿಲೇ, ಕಾಲು ಒರೆಸಿಕೊಂಡು ಹೋಗೋದಕ್ಕೆ? "ಅದು ನನ್ನ ಹಾಳೆಯಲ್ಲ" ಎಂದು ಹೇಳಬಹುದಿತ್ತು. ಮೂರೇ ಮಾತು. ಅಷ್ಟರಲ್ಲಿ ಆ ನಗು ಬಂತು, ಸಭೆ ಮುಗಿಯಿತು.

ಕಾರಿಡಾರಿಗೆ ಬರುವಷ್ಟರಲ್ಲಿ ಅವಳು ನಿರ್ಧರಿಸಿಬಿಟ್ಟಿದ್ದಳು: ಇವನ ಜೊತೆ ಮಾತು ಬಿಟ್ಟೆ. ಹಾಗೆ ನಿರ್ಧರಿಸಿದ ಮೇಲೆ ಮೈಗೆ ಒಂದು ಬಗೆಯ ಹಗುರ ಬಂತು, ತಲೆಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿ ಬಿಗಿಯಾಗಿ ಕಟ್ಟಿಕೊಂಡಂತೆ. ಮಾತು ಬಿಡುವುದೆಂದರೆ ಅವಳ ಮನೆತನದಲ್ಲಿ ಮುನಿಸಲ್ಲ, ಅದೊಂದು ಶಾಸ್ತ್ರ. ಅವಳ ತಾಯಿಯೂ ಚಿಕ್ಕಮ್ಮನೂ ಒಂದೇ ಅಂಗಳದಲ್ಲಿ ನಾಲ್ಕು ವರ್ಷ ಮಾತು ಬಿಟ್ಟಿದ್ದರು. ಒಂದೇ ಒರಳಿನಲ್ಲಿ ಫುಫು ಮುದ್ದೆ ಕುಟ್ಟುತ್ತಿದ್ದರು, ಒಂದು ದಿನವೂ ಅಡುಗೆ ಕೆಡಲಿಲ್ಲ. ಹೇಳಬೇಕಾದದ್ದನ್ನು ಮೂರನೆಯವರ ಬಾಯಲ್ಲಿ ಹೇಳಿಸುತ್ತಿದ್ದರು. ಸೋದರಮಾವನಂತೂ ಊರಿನ ಅರಸನಿಗೇ ನಾಲಿಗೆಯಾಗಿದ್ದವನು. ಅರಸ ಸಭೆಯ ಜೊತೆ ನೇರವಾಗಿ ಮಾತಾಡುವಂತಿಲ್ಲ. ಅವನ ಮಾತು ಮಾವನ ಕಿವಿಗೆ, ಮಾವನ ಬಾಯಿಂದ ಜನಕ್ಕೆ. ಒಮ್ಮೆ ಅರಸ ಸಿಟ್ಟಿನಲ್ಲಿ "ಆ ಕಳ್ಳನನ್ನು ಹೊರಗೆ ಹಾಕು" ಎಂದು ಗೊಣಗಿದ್ದು ಕಾಲಬುಡದಲ್ಲಿ ಕೂತಿದ್ದ ಹುಡುಗಿ ದುಫಿಯೆಗೆ ಸ್ಪಷ್ಟವಾಗಿ ಕೇಳಿತ್ತು. ಮಾವ ಕೋಲನ್ನು ಊರಿ ಎದ್ದು, "ನಿಮ್ಮ ದಾರಿ ದೂರ, ಬಿಸಿಲೇರುವ ಮುಂಚೆ ಹೊರಡಿ ಎಂದು ಅರಸರು ನಿಮ್ಮ ಬಗ್ಗೆ ಕಾಳಜಿ ಮಾಡುತ್ತಿದ್ದಾರೆ" ಎಂದಿದ್ದ. ಕಳ್ಳ ಕೈ ಮುಗಿದು ಹೋಗಿದ್ದ. ಹೇಗಿದ್ದರು ಆಗಿನ ಜನ! ಈಗಿನವರಿಗೆ ಬಾಯಿ ಎಂದರೆ ಒದೆಯುವುದಕ್ಕೆ ಇನ್ನೊಂದು ಕಾಲು ಎಂದುಕೊಂಡಳು. ಹೊರಗೆ ಹರ್ಮತಾನ್ ಗಾಳಿ ಎಬ್ಬಿಸಿದ ಧೂಳಿಗೆ ಕಿಟಕಿಯ ಗಾಜು ಮಸುಕಾಗಿತ್ತು, ತುಟಿ ನೆಕ್ಕಿದರೆ ಮಣ್ಣಿನ ರುಚಿ.

ಹತ್ತು ಗಂಟೆಗೆ ವಾರ್ಡಿಗೆ ಬಂದಳು. ಮೂರನೆಯ ಮಂಚದ ಅಚಿಯಾಳನ್ನು ನೋಡಿದ ಕೂಡಲೇ ನಗು, ಕುಡುಗೋಲು, ಮಾವನ ಕೋಲು ಎಲ್ಲ ಒಮ್ಮೆಗೇ ಹಿಂದೆ ಸರಿದವು. ಹೊಲಿಗೆ ಕಲಿಯುತ್ತಿದ್ದ ಇಪ್ಪತ್ತರ ಹುಡುಗಿ, ಚೊಚ್ಚಲ ಹೆರಿಗೆ, ಬೆಳಗಿನ ಜಾವ ಅಡೊಮಾಕೊ ಸಿಸೇರಿಯನ್ ಮಾಡಿದ್ದ. ಮಗು ಪಕ್ಕದಲ್ಲಿ ಗುಂಡುಗುಂಡಾಗಿ ಮಲಗಿತ್ತು. ತಾಯಿಯ ತುಟಿ ಮಾತ್ರ ಬೂದಿ ಬಣ್ಣಕ್ಕೆ ತಿರುಗಿತ್ತು, ಕಾಲನ್ನು ಅತ್ತ ಇತ್ತ ಹೊರಳಿಸುತ್ತಿದ್ದಳು. ದುಫಿಯೆ ನಾಡಿ ಹಿಡಿದಳು. ನೂರ ಹದಿನೆಂಟು. ಕೆಳಗಿನ ಪ್ಯಾಡ್ ತೆಗೆದು ನೋಡಿದಳು, ಹೆಚ್ಚೇನೂ ಇಲ್ಲ. ಅದೇ ಅವಳನ್ನು ಹೆದರಿಸಿದ್ದು. ಹೊರಗೆ ಬಾರದ ರಕ್ತ ಒಳಗೆ ಎಲ್ಲೋ ಸೇರುತ್ತಿದೆ. ಅಂಗೈಯನ್ನು ಹೊಟ್ಟೆಯ ಮೇಲಿಟ್ಟಾಗ ಕೈಗೇ ಅದು ಗೊತ್ತಾಯಿತು. ಆ ಕೈ ಇಂಥದ್ದರಲ್ಲಿ ತಪ್ಪಿದ್ದಿಲ್ಲ. ಡ್ರಿಪ್ ಜೋರು ಮಾಡಿದಳು, ರಕ್ತ ಕೊಡುವವರನ್ನು ಹುಡುಕಲು ಅಚಿಯಾಳ ತಾಯಿಗೆ ಹೇಳಿಕಳಿಸಿದಳು. ಇನ್ನು ಡಾಕ್ಟರ್ ಬರಬೇಕು. ಹೊರರೋಗಿಗಳ ಕೋಣೆ ಅಂಗಳದ ಆಚೆ, ಎಂಬತ್ತು ಹೆಜ್ಜೆ. ಕಾಲು ಬಾಗಿಲತ್ತ ಹೊರಟಿತು, ಆಮೇಲೆ ನಿಂತಿತು.

"ಸೆವಾ!"

ಸೆವಾ ಕಳೆದ ವರ್ಷ ಓದು ಮುಗಿಸಿ ಬಂದ ಸೂಲಗಿತ್ತಿ. ಒಳ್ಳೆ ಹುಡುಗಿ, ಕೈ ಚುರುಕು, ಮೂರು ವಾರದಿಂದ ಮಾತು ಮಾತ್ರ ಕಡಿಮೆ. ಓಡಿ ಬಂದು ನಿಂತಳು.

"ಡಾಕ್ಟರ್ ಹತ್ರ ಹೋಗು. ಮೂರನೇ ಮಂಚದವಳಿಗೆ ಹೊಟ್ಟೆ ಒಳಗೇ ರಕ್ತ ಸುರೀತಿದೆ, ಮತ್ತೆ ಥಿಯೇಟರಿಗೆ ತಗೋಬೇಕು, ಇದ್ದ ಹಾಗೇ ಎದ್ದು ಬರ್ಲಿ ಅಂತ ಹೇಳು."

"ನಾನಾ, ಮಾಮೆ?" ಇಲ್ಲಿನವರು ಅಮ್ಮ ಎನ್ನುವುದಕ್ಕೆ ಮಾಮೆ ಎನ್ನುತ್ತಾರೆ.

"ಮತ್ತೆ ಇನ್ಯಾರು? ನನಗೆ ಅವನ ಹತ್ರ ಮಾತಿಲ್ಲ. ಹೋಗು."

ಸೆವಾ ಹೋದಳು. ಆರು ನಿಮಿಷಕ್ಕೆ ಮರಳಿ ಬಂದಳು. "ಡ್ರಿಪ್ ಹಾಕಿ ನೋಡ್ತಾ ಇರೋಕೆ ಹೇಳಿದ್ರು ಮಾಮೆ. ಸಾಲು ಮುಗಿದ ಮೇಲೆ ಬರ್ತಾರಂತೆ."

ಆಗ ದುಫಿಯೆಯ ಮನಸ್ಸಿನಲ್ಲಿ ಹಾದುಹೋದದ್ದನ್ನು ಅವಳು ಯಾವ ಪಾದ್ರಿಯ ಮುಂದೂ ಹೇಳುವವಳಲ್ಲ. ನೋಡ್ತಾ ಇರಬೇಕಂತೆ! ಹಳ್ಳಿ ಅಜ್ಜಿಯ ಮಾತಿಗೆ ಏಳೋದು ಬೇಡವಾಯಿತು ಅವನಿಗೆ. ಸರಿ, ಹಾಗಾದರೆ ಆಗಲಿ. ಹೊಲಿದದ್ದು ಅವನು, ಬಿಟ್ಟದ್ದು ಅವನು. ನಾಳೆಯ ಸಭೆಯಲ್ಲಿ ಯಾರ ಹಾಳೆ ಎತ್ತಿ ಹಿಡಿಯುತ್ತಾನೋ ನೋಡೇಬಿಡೋಣ. ಆ ಸಭೆಯಲ್ಲಿ ಅವನ ಮುಖ ಹೇಗಿರುತ್ತದೆ ಎಂಬುದು ಕೂಡ ಕಣ್ಣಿಗೆ ಕಟ್ಟಿತು, ಅದರಲ್ಲಿ ಅವಳಿಗೆ ಒಂದು ಸುಖವಿತ್ತು, ಹುಣ್ಣು ಕೆರೆದುಕೊಳ್ಳುವಾಗ ಸಿಗುವಂಥ ಸುಖ. ಇಷ್ಟೆಲ್ಲ ನಡೆಯುವಾಗ ಅವಳ ಬೆರಳು ಅಚಿಯಾಳ ಮಣಿಕಟ್ಟಿನ ಮೇಲೇ ಇತ್ತು, ಎಣಿಸುತ್ತಲೇ ಇತ್ತು. ಅದಕ್ಕೆ ಯಾರ ಜೊತೆಗೂ ಜಗಳವಿರಲಿಲ್ಲ. ನೂರ ಇಪ್ಪತ್ತಾರು.

"ನೀರು ಬೇಕಿತ್ತು ಮಾಮೆ," ಅಂದಳು ಅಚಿಯಾ. "ಆಗ್ಲೇ ಎರಡು ಸಲ ಕೇಳ್ದೆ. ಬಹಳ ತೊಂದರೆ ಕೊಡ್ತಿದ್ದೀನಿ ನಿಮಗೆ." ಎಂದವಳೇ ಸಣ್ಣಗೆ ನಕ್ಕಳು. ಕಿಸಕ್ಕೆಂದು ಹೊರಟು ಅರ್ಧಕ್ಕೇ ನಿಂತಿತು.

ಆ ನಗು ದುಫಿಯೆಗೆ ಗೊತ್ತಿತ್ತು. ಇನ್ನೊಬ್ಬರ ಕೈಯಲ್ಲಿ ಸಿಕ್ಕಿಬಿದ್ದವರು, ಹೊಡೆಯಬೇಡಿ, ನಾನೂ ನಿಮ್ಮ ಕಡೆಯವಳೇ ಎಂದು ನಗುವ ನಗು. ಬೆಳಗ್ಗೆ ಸಭೆಯಲ್ಲಿ ನಕ್ಕದ್ದು ಒಪೊಂಗ್ ಅಲ್ಲ, ಮಕ್ಕಳ ವಾರ್ಡಿನ ಹುಡುಗಿಯರಲ್ಲ. ಕುಡುಗೋಲಿನ ಮಾತಿಗೆ ನಕ್ಕವಳು ತಾನೇ. ತನ್ನ ಗಂಟಲಿನಿಂದಲೇ ಅದು ಹೊರಟಿತ್ತು. ಐವತ್ತೆರಡು ವರ್ಷದ, ಈ ಊರಿನ ಅರ್ಧ ಜನರನ್ನು ಕೈಯಲ್ಲಿ ಹಿಡಿದು ಭೂಮಿಗೆ ಇಳಿಸಿದ ದುಫಿಯೆ, ಒಬ್ಬ ಹುಡುಗ ಬೈದಾಗ ಅವನಿಗೆ ಹಿತವಾಗಲೆಂದು ನಕ್ಕಿದ್ದಳು. ಥೂ! ಮೈಯೆಲ್ಲ ಉರಿ ಎದ್ದಿತು. ಆದರೆ ಈ ಸಲದ ಉರಿ ಅವನ ಮೇಲಿನದಲ್ಲ, ಅದಕ್ಕೇ ಏನೋ ಅದರಲ್ಲಿ ಕಣ್ಣು ಕಾಣಿಸುತ್ತಿತ್ತು. ಗಡಿಯಾರ ನೋಡಿದಳು. ಹತ್ತೂ ಮೂವತ್ತೇಳು. ಅಚಿಯಾಳ ನಾಡಿ ನೂರ ಮೂವತ್ತೆರಡು, ರಕ್ತದೊತ್ತಡ ಎಂಬತ್ತಕ್ಕೆ ಇಳಿದಿತ್ತು, ನೀರು ಕೇಳುವುದನ್ನೂ ಬಿಟ್ಟಿದ್ದಳು.

"ಸೆವಾ, ಅವನಿಗೆ ಏನಂತ ಹೇಳಿದೆ ನೀನು? ನೀನು ಆಡಿದ ಮಾತು ಇದ್ದ ಹಾಗೆ ಹೇಳು."

ಸೆವಾ ಕೈ ಹಿಂದಕ್ಕೆ ಕಟ್ಟಿಕೊಂಡು, ಪಾಠ ಒಪ್ಪಿಸುವಂತೆ ಹೇಳಿದಳು: "ದಯವಿಟ್ಟು ಡಾಕ್ಟರ್, ದುಫಿಯೆ ಮಾಮೆ ನಿಮಗೆ ನಮಸ್ಕಾರ ಹೇಳಿದ್ದಾರೆ. ಮೂರನೇ ಮಂಚದವರಿಗೆ ಸ್ವಲ್ಪ ಸುಸ್ತು ಅಂತೆ. ನಿಮಗೆ ಪುರುಸೊತ್ತಾದಾಗ ಒಂದು ಸಲ ನೋಡಬಹುದಾ ಅಂತ ಕೇಳಿಕೊಂಡಿದ್ದಾರೆ."

ಮಾವನೇ ಎದ್ದು ಬಂದು ಹೇಳಿದ್ದರೂ ಇದಕ್ಕಿಂತ ಚೆನ್ನಾಗಿ ಹೇಳುತ್ತಿರಲಿಲ್ಲ. ರಕ್ತವನ್ನೆಲ್ಲ ಒರೆಸಿ, ಜೇನು ಸವರಿ, ತಟ್ಟೆಯಲ್ಲಿಟ್ಟು ಕೊಟ್ಟಿದ್ದಳು. ಬೈಯಲು ಬಾಯಿ ತೆರೆದ ದುಫಿಯೆಗೆ ನೆನಪಾಯಿತು. ಮೂರು ವಾರದ ಕೆಳಗೆ ಇದೇ ವಾರ್ಡಿನಲ್ಲಿ, ಹತ್ತು ಮಂಚದ ಬಾಣಂತಿಯರೆದುರು, ಇದೇ ಹುಡುಗಿ "ಮಾಮೆ, ಆರನೇ ಮಂಚಕ್ಕೆ ಎರಡನೇ ಇಂಜೆಕ್ಷನ್ ಮರೆತಿದ್ದೀರಿ!" ಎಂದು ಕೂಗಿಕೊಂಡು ಬಂದಿದ್ದಳು. ಮರೆತದ್ದು ನಿಜವೇ. "ಹಿರಿಯರ ಹತ್ರ ಮಾತಾಡೋ ರೀತಿನಾ ಇದು? ಕಾಡಿನಲ್ಲಿ ಬೆಳೆದೆಯಾ? ನಿಮ್ಮಮ್ಮ ನಿನಗೆ ಅನ್ನ ಮಾತ್ರ ಹಾಕಿದ್ದಾ, ಬಾಯಿ ತಿದ್ದಲೇ ಇಲ್ವಾ?" ಎಂದಿದ್ದಳು ದುಫಿಯೆ. ಬಾಣಂತಿಯರು ನಕ್ಕಿದ್ದರು. ಅದಾದ ಮೇಲೆ ಹುಡುಗಿ ಬಾಯಿ ತಿದ್ದಿಕೊಂಡಿದ್ದಳು.

ಎಂಬತ್ತು ಹೆಜ್ಜೆಯನ್ನು ದುಫಿಯೆ ಓಡಿದಳು. ಅವಳು ಓಡಿದ್ದನ್ನು ನೋಡಿ ಆ ಊರಿಗೆ ಇಪ್ಪತ್ತು ವರ್ಷವಾದರೂ ಆಗಿರಬೇಕು. ಬೆಂಚುಗಳ ಮೇಲೆ ಕೂತಿದ್ದ ಕೋಕೋ ತೋಟದ ಹೆಂಗಸರು ಮಕ್ಕಳ ಕಾಲನ್ನು ಒಳಕ್ಕೆ ಎಳೆದುಕೊಂಡರು. ಯಾರಿಗೂ ನಮಸ್ಕಾರವಿಲ್ಲ, ಒಳಗೆ ಬರಲೇ ಎಂಬುದಿಲ್ಲ, ಬಾಗಿಲು ದೂಡಿದಳು.

ಅಡೊಮಾಕೊ ತಲೆ ಎತ್ತದೆ, "ನಾನು ಕರೆದಿಲ್ವಲ್ಲ ಸಿಸ್ಟರ್," ಅಂದ.

"ಅಚಿಯಾ ಸಾಯ್ತಿದ್ದಾಳೆ. ಹೊಟ್ಟೆ ಒಳಗೆ ರಕ್ತ. ನಾಡಿ ನೂರ ಮೂವತ್ತೆರಡು. ಪೆನ್ನು ಕೆಳಗಿಡಿ, ಏಳಿ."

ಅವನು ಅವಳ ಮುಖ ನೋಡಿದ. ಒಂದು ಕ್ಷಣ, ಅಷ್ಟೇ. ಎದುರಿನ ಮುದುಕನ ಎದೆಯ ಮೇಲಿದ್ದ ಸ್ಟೆತಾಸ್ಕೋಪನ್ನು ಹಾಗೇ ಬಿಟ್ಟು ಎದ್ದ.

ಥಿಯೇಟರಿನಲ್ಲಿ ಮಾತು ಬಹಳ ಇರಲಿಲ್ಲ, ಇದ್ದದ್ದೆಲ್ಲ ನೇರವಾಗಿತ್ತು. ಹೊಟ್ಟೆ ತೆರೆದಾಗ ಕಪ್ಪು ರಕ್ತ ಗಡ್ಡೆಗಡ್ಡೆಯಾಗಿ ಬಂತು. ಗರ್ಭಕೋಶದ ಮೂಲೆಯಲ್ಲಿ ಹಾಕಿದ್ದ ಹೊಲಿಗೆಯ ಗಂಟೊಂದು ಜಾರಿತ್ತು. ಹುಡುಗನ ಕೈ ಒಳ್ಳೆಯದು, ಅದನ್ನು ಒಪ್ಪಲೇಬೇಕು. ಹಣೆಯಲ್ಲಿ ಬೆವರು ಇಳಿಯುತ್ತಿದ್ದರೂ ಬೆರಳು ನಡುಗಲಿಲ್ಲ. "ಇಲ್ಲಿ ಒತ್ತಿ ಹಿಡೀರಿ," ಅಂದ. ಒತ್ತಿ ಹಿಡಿದಳು. "ಇನ್ನೂ ಸ್ವಲ್ಪ ಎಡಕ್ಕೆ," ಅಂದಳು ಅವಳು. ಅವನು ಎಡಕ್ಕೆ ನೋಡಿದ, ರಕ್ತ ಸುರಿಯುವ ಜಾಗ ಅಲ್ಲಿಯೇ ಇತ್ತು. ಅಚಿಯಾಳ ತಾಯಿ ಸಂತೆಯಿಂದ ಹಿಡಿದು ತಂದಿದ್ದ ಇಬ್ಬರು ಅಳಿಯಂದಿರ ರಕ್ತ ಹನಿಹನಿಯಾಗಿ ಇಳಿಯತೊಡಗಿತು. ಹನ್ನೆರಡೂವರೆಗೆ ನಾಡಿ ನೂರಕ್ಕೆ ಬಂತು. ಹುಡುಗಿ ಉಳಿದಳು, ಗರ್ಭಕೋಶವೂ ಉಳಿಯಿತು.

ಭಯ ಇಳಿದ ಮೇಲೆ ಅದರ ಜಾಗಕ್ಕೆ ಏನಾದರೂ ಬರಬೇಕಲ್ಲ. ಕೈ ತೊಳೆಯುವ ತೊಟ್ಟಿಯ ಬಳಿ ಅಡೊಮಾಕೊ ಗ್ಲೌಸ್ ಕಿತ್ತು ಎಸೆದು ಸೆವಾಳ ಕಡೆ ತಿರುಗಿದ. "ಸ್ವಲ್ಪ ಸುಸ್ತು! ಸ್ವಲ್ಪ ಸುಸ್ತು ಅಂದೆಯಲ್ಲ ನೀನು? ಯಾವ ಶಾಲೆಯಲ್ಲಿ ಕಲಿಸಿದ್ರು ನಿನಗೆ? ಇವತ್ತೇ ಬರೀತೀನಿ ನಿನ್ನ ಮೇಲೆ. ಪರವಾನಗಿ ಹೋದ್ರೆ ಹೋಗ್ಲಿ, ಮನೇಲಿ ಕೂತು ಬಾಳೆಕಾಯಿ ಸುಡು."

ಸೆವಾ ದುಫಿಯೆಯತ್ತ ಕೂಡ ನೋಡಲಿಲ್ಲ. ದುಫಿಯೆ ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು: ಹಿರಿಯಳು ಹೇಳಿಕಳಿಸಿದ್ದಳು, ಕಿರಿಯಳು ತಪ್ಪಾಗಿ ಹೇಳಿದಳು, ಹಿರಿಯಳೇ ಓಡಿ ಬಂದು ಉಳಿಸಿದಳು. ಊರು ನಂಬುತ್ತಿತ್ತು. ನಿವೃತ್ತಿಗೆ ಎಂಟು ವರ್ಷ. ಈ ಕಥೆಯನ್ನು ಅವಳು ಅರೆಕ್ಷಣ ಕೈಯಲ್ಲಿ ಹಿಡಿದು ತೂಗಿ ನೋಡಿದಳು ಎಂಬುದು ಸುಳ್ಳಲ್ಲ.

"ಬರೆಯೋದಾದ್ರೆ ನನ್ನ ಹೆಸರು ಬರೀರಿ," ಅಂದಳು. "ಹತ್ತು ಗಂಟೆಗೆ ನನಗೆ ಗೊತ್ತಿತ್ತು. ಹತ್ತೂ ನಲವತ್ತಕ್ಕೆ ಬಂದೆ. ನಲವತ್ತು ನಿಮಿಷ ತಡ ಮಾಡಿದವಳು ನಾನು."

"ನೀವ್ಯಾಕೆ ಬರ್ಲಿಲ್ಲ?"

"ನಿಮ್ಮ ಜೊತೆ ಮಾತು ಬಿಟ್ಟಿದ್ದೆ. ಬೆಳಗ್ಗೆ ಎಲ್ಲರೆದುರು ನೀವು ನನಗೆ ಕುಡುಗೋಲು ಕೊಡಿಸೋಕೆ ಹೊರಟ್ರಲ್ಲ, ಅದಕ್ಕೆ. ಪೂರ್ತಿ ಕೇಳಿ ಡಾಕ್ಟರ್. ಈ ಹುಡುಗಿಗೆ ಏನಾದ್ರೂ ಆದ್ರೆ ನಾಳೆ ನಿಮ್ಮ ಮುಖ ಹೇಗಿರುತ್ತೆ ನೋಡೋಣ ಅಂತ ಕೂಡ ಅಂದ್ಕೊಂಡೆ. ನಾನೇ, ಈ ಕೈಯಲ್ಲಿ ಅವಳ ನಾಡಿ ಹಿಡ್ಕೊಂಡು."

ನಲ್ಲಿ ಹರಿಯುತ್ತಲೇ ಇತ್ತು. ಅವನು ಅದನ್ನು ನಿಲ್ಲಿಸಿ ಸ್ಟೂಲಿನ ಮೇಲೆ ಕೂತ. ಕೂತಾಗ ಅವನು ಎಷ್ಟು ಚಿಕ್ಕವನು ಎಂಬುದು ಕಾಣಿಸಿತು. "ಆ ಹಾಳೆ ನಿಮ್ಮದಲ್ಲ ಅಂತ ಒಂಬತ್ತು ಗಂಟೆಗೇ ಗೊತ್ತಾಯ್ತು," ಅಂದ. "ಕ್ಷಮೆ ಕೇಳಬೇಕಿತ್ತು. ನಿಮ್ಮ ಹತ್ರ ಯಾವ ಹಿರಿಯರನ್ನ ಕಳಿಸಲಿ ಅಂತ ಯೋಚನೆ ಮಾಡ್ತಾ ಇದ್ದೆ."

"ನಿಮ್ಮ ಕಾಲಿಗೇನಾಗಿತ್ತು? ಅಂಗಳ ದಾಟಿದ್ರೆ ಎಂಬತ್ತು ಹೆಜ್ಜೆ."

"ನಿಮ್ಮ ಕಾಲಿಗೇನಾಗಿತ್ತೋ ಅದೇ ಆಗಿತ್ತು, ಮಾಮೆ."

"ನಾಳೆ ಸಭೇಲಿ ಎಲ್ಲರೆದುರು ಹೇಳಿ," ಅಂದಳು. "ಎಲ್ಲರೆದುರು ಬೈದದ್ದಕ್ಕೆ ಎಲ್ಲರೆದುರೇ. ಆಮೇಲೆ ನನ್ನ ನಲವತ್ತು ನಿಮಿಷಾನ ನಾನೇ ನಿಂತು ಹೇಳ್ತೀನಿ." ಅವನು ತಲೆಯಾಡಿಸಿದ. ಅವಳು ಅಲ್ಲೇ ಅಚಿಯಾಳ ಫೈಲು ತೆರೆದು, ತಡವಾದದ್ದು ನಲವತ್ತು ನಿಮಿಷ, ಕಾರಣ ತಾನು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಸಹಿ ಹಾಕಿದಳು.

ಸೆವಾಳನ್ನು ಕರೆದುಕೊಂಡು ಅಂಗಳ ದಾಟುವಾಗ ದುಫಿಯೆಗೆ ಹೆಮ್ಮೆಯೇ ಆಗುತ್ತಿತ್ತು, ಯಾಕೆ ಮುಚ್ಚಿಡಬೇಕು. ತಪ್ಪು ಒಪ್ಪಿಕೊಳ್ಳುವುದರಲ್ಲೂ ಒಂದು ಗತ್ತು ಇರುತ್ತದೆ, ಅದು ಅವಳ ನಡಿಗೆಯಲ್ಲಿ ಕಾಣುತ್ತಿತ್ತು. ಧೂಳಿನ ನಡುವೆ ಸೂರ್ಯ ಬೆಳ್ಳಗೆ ತೂಗುತ್ತಿದ್ದ. ಬಾಗಿಲಲ್ಲಿ ಅಚಿಯಾಳ ತಾಯಿ ಮೀನಿನ ತಿಳಿಸಾರಿನ ಪಾತ್ರೆ ಇಟ್ಟುಕೊಂಡು ಕೂತಿದ್ದವಳು ಎದ್ದು ಇವಳ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು.

"ನೋಡಿದೆಯಲ್ಲ," ಅಂದಳು ದುಫಿಯೆ, ಒಳಗೆ ಬಂದ ಮೇಲೆ. "ಇನ್ನು ಮೇಲೆ ಅವನಿಗೆ ಹೆದರಬೇಡ. ಕಂಡದ್ದನ್ನ ಕಂಡ ಹಾಗೆ ಹೇಳು."

ಸೆವಾ ಫೈಲನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. "ಡಾಕ್ಟರಿಗೆ ನಾನು ಯಾವತ್ತೂ ಹೆದರಿಲ್ಲ ಮಾಮೆ. ಅವರು ಎಲ್ಲರ ಮೇಲೂ ಕೂಗ್ತಾರೆ, ಸಂಜೆಗೆ ಮರೀತಾರೆ."

"ಮತ್ತೆ?"

"ನನಗೆ ನಿಮ್ಮ ಭಯ."

ದುಫಿಯೆ ಪಕ್ಕದ ಖಾಲಿ ಮಂಚದ ಅಂಚಿನಲ್ಲಿ ಕೂತಳು. ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ನಾಡಿ ಎಷ್ಟು ಎಂದು ಹೇಳುವ ಹಾಗೆ ಹೇಳಿದ್ದಳು. ಆಗ ಒಂದು ಪ್ರಶ್ನೆ ಹುಟ್ಟಿತು. ಕೇಳದೇ ಇರಬಹುದಿತ್ತು, ಕೇಳಿದಳು.

"ಅಚಿಯಾಳ ಹೊಟ್ಟೆ ನಿನಗೆ ಎಷ್ಟು ಹೊತ್ತಿಗೆ ಗೊತ್ತಾಯ್ತು?"

"ಒಂಬತ್ತಕ್ಕೆ. ಮುಟ್ಟಿದಾಗ ಗಟ್ಟಿ ಇತ್ತು, ನಾಡಿ ನೂರಾ ನಾಲ್ಕು. ಬಟ್ಟೆ ಕೋಣೆ ಬಾಗಿಲಿಗೆ ಬಂದಿದ್ದೆ. ನೀವು ಬಟ್ಟೆ ಮಡಚ್ತಾ ಇದ್ರಿ, ಏನೋ ಮಾತಾಡ್ಕೊಳ್ತಾ ಇದ್ರಿ. ಸ್ವಲ್ಪ ಹೊತ್ತು ನಿಂತೆ. ಆಮೇಲೆ ವಾಪಸ್ ಬಂದೆ."

ಅವಳು ಬಂದದ್ದು ದುಫಿಯೆಗೆ ನೆನಪೇ ಇರಲಿಲ್ಲ. ಎಷ್ಟು ಹುಡುಕಿದರೂ ಆ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ. ಆಚೆ ಮೂರನೆಯ ಮಂಚಕ್ಕೆ ಮಗುವನ್ನು ತಂದು ಮಲಗಿಸಿದ್ದರು, ಅದು ತಾಯಿಗಾಗಿ ಬಾಯಿ ಕಳೆಯುತ್ತಿತ್ತು. ದುಫಿಯೆ ಕೈ ಚಾಚಿ ಫೈಲು ಕೇಳಿ ಪಡೆದಳು. ತನ್ನ ದೊಡ್ಡ ಅಕ್ಷರದ ನಲವತ್ತು ನಿಮಿಷದ ಮೇಲೆ ಗೆರೆ ಎಳೆದಳು, ಒಂದು ಗಂಟೆ ನಲವತ್ತು ನಿಮಿಷ ಎಂದು ತಿದ್ದಿದಳು. ಆಮೇಲೆ ಮಂಚದ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಕೂತ್ಕೋ," ಅಂದಳು. "ಒಂಬತ್ತು ಗಂಟೆಯಿಂದ ನೀನು ನೋಡಿದ್ದೆಲ್ಲ ಹೇಳು. ನಾನು ಬರ್ಕೊಳ್ತೀನಿ."

ಸೆವಾ ಕೂತಳು, ಗಂಟಲು ಸರಿಮಾಡಿಕೊಂಡು ಹೇಳತೊಡಗಿದಳು. ದುಫಿಯೆ ನಡುವೆ ಬಾಯಿ ಹಾಕದೆ, ಒಂದು ಮಾತನ್ನೂ ತಿದ್ದದೆ ಬರೆದುಕೊಂಡಳು.